ತೋಪಿನ ಹಿಂಬಾಗಿಲು: ಚೆಂಡಿಯಾದ ರಾಣೆಯವರು ದಾರಿ ಮಾಡಿಕೊಟ್ಟ ಟ್ಯಾಂಕುಗಳ ಕಥೆ

ಅಂಕೋಲೆಯಿಂದ ಕಾರವಾರಕ್ಕೆ ಬಸ್ಸಿನಲ್ಲಿ ಹೋಗುವವರಿಗೆ ಅವರ್ಸಾ, ಹಾರವಾಡ ದಾಟಿದ ಮೇಲೆ ಚೆಂಡಿಯಾ ಎಂಬ ಊರು ಸಿಗುತ್ತದೆ. ಕಿಟಕಿಯ ಪಕ್ಕ ಕುಳಿತವರು ಕಡಲು ಕಾಣುತ್ತದೆಯೇ ಎಂದು ನೋಡುತ್ತಿರುತ್ತಾರೆಯೇ ಹೊರತು ಊರಿನ ಹೆಸರನ್ನು ಗಮನಿಸುವವರು ಕಡಿಮೆ. ಪರಮವೀರ ಚಕ್ರ ಪಡೆದ ಮೇಜರ್ ರಾಮ ರಾಘೋಬಾ ರಾಣೆಯವರ ಮನೆತನದ ಊರು ಇದು. ಆ ಪದಕವನ್ನು ಬದುಕಿದ್ದಾಗಲೇ ಪಡೆದವರಲ್ಲಿ ಅವರೇ ಮೊದಲಿಗರು. ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ, ಐಎನ್‌ಎಸ್ ಚಪಲ ಯುದ್ಧನೌಕೆ ವಸ್ತುಸಂಗ್ರಹಾಲಯದ ಬಳಿ, 2006ರ ನವೆಂಬರಿನಲ್ಲಿ ಅವರ ಪುತ್ಥಳಿಯನ್ನು ಅನಾವರಣಗೊಳಿಸಲಾಯಿತು.

ಒಮ್ಮೆ ನಮ್ಮ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ನೌಕೆಯ ಮೇಲಿನ ತೋಪನ್ನು ಬಹಳ ಹೊತ್ತು ನೋಡುತ್ತಾ ನಿಂತಿದ್ದ ಒಂಬತ್ತನೆಯ ತರಗತಿಯ ಹುಡುಗನೊಬ್ಬ, "ಸರ್, ಇದಕ್ಕೆ ಗುಂಡು ಬಾಯಿಂದ ಹಾಕ್ತಾರೋ, ಬೆನ್ನಿಂದ ಹಾಕ್ತಾರೋ? ಬೆನ್ನಿಂದ ಹಾಕಿದ್ರೆ ಹಾರಿಸುವಾಗ ಹಿಂದಕ್ಕೇ ಸಿಡಿಯೋದಿಲ್ವಾ?" ಎಂದು ಕೇಳಿದ. ಪಕ್ಕದ ಮಕ್ಕಳು ನಕ್ಕರು. ನಾನು ನಗಲಿಲ್ಲ, ಏಕೆಂದರೆ ಉತ್ತರ ನನಗೂ ಸರಿಯಾಗಿ ಗೊತ್ತಿರಲಿಲ್ಲ. ಊರಿಗೆ ಬಂದ ಮೇಲೆ ಅದನ್ನೇ ಹುಡುಕುತ್ತಾ ಹೋದೆ. ಹುಡುಗನ ಪ್ರಶ್ನೆ ದಡ್ಡ ಪ್ರಶ್ನೆಯಾಗಿರಲಿಲ್ಲ ಎಂಬುದು ಮೊದಲು ತಿಳಿಯಿತು. ನಾಲ್ಕು ಶತಮಾನಗಳಿಗೂ ಹೆಚ್ಚು ಕಾಲ ಜಗತ್ತಿನ ತೋಪು ತಯಾರಕರ ನಿದ್ದೆ ಕೆಡಿಸಿದ ಪ್ರಶ್ನೆ ಅದು. ರಾಣೆಯವರು ದಾರಿ ಮಾಡಿಕೊಟ್ಟ ಟ್ಯಾಂಕುಗಳ ಒಳಗೆ ಕುಳಿತಿದ್ದವರ ಜೀವವೂ ಅದರ ಉತ್ತರವನ್ನೇ ನಂಬಿಕೊಂಡಿತ್ತು.

ತೋಪಿಗೆ ಮುಂದೆ ಒಂದು ಬಾಯಿ ಇರುತ್ತದೆ, ಹಿಂದೆ ಒಂದು ಬಾಗಿಲು ಇರುತ್ತದೆ. ಈ ಹಿಂಬಾಗಿಲಿರುವ ಭಾಗಕ್ಕೆ ಸೇನೆಯವರು 'ಬ್ರೀಚ್' ಎನ್ನುತ್ತಾರೆ. ಬಾಗಿಲಾಗಿ ಕೆಲಸ ಮಾಡುವ ಉಕ್ಕಿನ ತುಂಡಿಗೆ 'ಬ್ರೀಚ್ ಬ್ಲಾಕ್' ಎಂದು ಹೆಸರು. ಮದ್ದಿಗೆ ಬೆಂಕಿ ಬಿದ್ದಾಗ ಹುಟ್ಟುವ ಅನಿಲಕ್ಕೆ ಹಿಂದು ಮುಂದು ಎಂಬ ಭೇದವಿಲ್ಲ. ಎಲ್ಲಾ ಕಡೆಗೂ ಒಂದೇ ಬಲದಿಂದ ಒತ್ತುತ್ತದೆ. ಎಲ್ಲಿ ದಾರಿ ಸಿಕ್ಕರೆ ಅಲ್ಲಿ ನುಗ್ಗುತ್ತದೆ. ಮುಂದಿನ ದಾರಿಯಲ್ಲಿ ಗುಂಡು ಇದೆ, ಅದು ಸರಿದು ಹೋಗುತ್ತದೆ. ಹಿಂದಿನ ದಾರಿಯಲ್ಲಿ ಬಾಗಿಲಿದೆ, ಅದು ಸರಿಯಬಾರದು. ಬಾಗಿಲು ಅರ್ಧ ಮುಚ್ಚಿದ್ದರೆ, ಬಿರುಕು ಬಿಟ್ಟಿದ್ದರೆ, ಅಥವಾ ಅದರ ಒಂದು ಸಣ್ಣ ಬಿಡಿಭಾಗ ಜಾಗದಲ್ಲಿ ಇಲ್ಲದಿದ್ದರೆ ತೋಪು ಶತ್ರುವಿನ ಬದಲು ತನ್ನವರನ್ನೇ ಕೊಲ್ಲುತ್ತದೆ.

ನಮ್ಮ ಕರಾವಳಿಗೆ ಈ ಹಿಂಬಾಗಿಲಿನ ತೋಪು ಬಂದದ್ದು ಸಮುದ್ರದ ಕಡೆಯಿಂದಲೇ. ಬಿಣಗಾ, ಅರ್ಗಾ ಕಡೆಯಿಂದ ನೋಡಿದರೆ ಅಂಜದೀವ ದ್ವೀಪ ಕಾಣುತ್ತದೆ. 1505ರಲ್ಲಿ ಪೋರ್ಚುಗೀಸರ ಅಲ್ಮೇಡಾ ಅಲ್ಲಿ ಕೋಟೆ ಕಟ್ಟಿಸಿದ್ದ. ಆ ಕಾಲದ ಪೋರ್ಚುಗೀಸ್ ಹಡಗುಗಳ ಅಂಚಿನಲ್ಲಿ ಸಣ್ಣ ಸಣ್ಣ ತಿರುಗು ತೋಪುಗಳಿರುತ್ತಿದ್ದವು. ಅವುಗಳ ಹಿಂಭಾಗ ತೊಟ್ಟಿಲಿನಂತೆ ತೆರೆದಿರುತ್ತಿತ್ತು. ಹಿಡಿಕೆ ಇರುವ ತಂಬಿಗೆಯಂತಹ ಕಬ್ಬಿಣದ ಪಾತ್ರೆಯಲ್ಲಿ ಮದ್ದನ್ನು ಮೊದಲೇ ತುಂಬಿಟ್ಟು, ಅದನ್ನು ಆ ತೊಟ್ಟಿಲಿನಲ್ಲಿ ಕೂರಿಸಿ, ಹಿಂದಿನಿಂದ ಬೆಣೆ ಬಡಿದು ಹಾರಿಸುತ್ತಿದ್ದರು. ಇಂತಹ ಎರಡು ಮೂರು ಪಾತ್ರೆಗಳಿದ್ದರೆ ಒಂದರ ಹಿಂದೆ ಒಂದು ಬೇಗ ಬೇಗ ಹಾರಿಸಬಹುದಿತ್ತು. ಬೆಣೆ ಸಡಿಲವಾದರೆ ಮಾತ್ರ ಪಾತ್ರೆಯೇ ಹಿಂದಕ್ಕೆ ಹಾರಿ ಬರುತ್ತಿತ್ತು. ಸಂದಿಯಿಂದ ಬೆಂಕಿ ಸೋರುವುದಂತೂ ಇದ್ದೇ ಇತ್ತು. ಆದ್ದರಿಂದ ದೊಡ್ಡ ತೋಪುಗಳಿಗೆ ಈ ವಿಧಾನ ಒಗ್ಗಲಿಲ್ಲ.

ಇಲ್ಲಿ ಪದಗಳ ಬಗ್ಗೆ ಒಂದು ಮಾತು ಹೇಳಬೇಕು. ಕನ್ನಡದಲ್ಲಿ ನಾವು ಹೇಳುವ 'ತೋಪು' ತುರ್ಕಿ ಭಾಷೆಯ ಪದ. ಪರ್ಷಿಯನ್ ಮೂಲಕ ನಮ್ಮಲ್ಲಿಗೆ ಬಂತು. 'ಫಿರಂಗಿ' ಎಂದರೆ ಫ್ರಾಂಕರದು, ಅಂದರೆ ಯುರೋಪಿನವರದು ಎಂದರ್ಥ. 1526ರ ಪಾಣಿಪತ್ ಯುದ್ಧದ ವಿವರದಲ್ಲಿ ಬಾಬರ್ ತನ್ನ ಆತ್ಮಕಥೆಯಲ್ಲಿ ಈ ಹೆಸರಿನ ತೋಪುಗಳನ್ನು ನೆನೆಯುತ್ತಾನೆ. 'ಗೋಲಂದಾಜ', 'ತೋಪಖಾನೆ', 'ಬಾರೂದು' ಎಲ್ಲವೂ ಅದೇ ದಾರಿಯಲ್ಲಿ ಬಂದವು. ಆಯುಧ ಎಲ್ಲಿಂದ ಬಂತು ಎಂಬುದನ್ನು ಶಾಸನ ಹೇಳದಿದ್ದರೂ ಕೆಲವೊಮ್ಮೆ ನಿಘಂಟು ಹೇಳುತ್ತದೆ.

ದೊಡ್ಡ ತೋಪುಗಳು ಹಾಗಾಗಿ ಹಿಂಬಾಗಿಲೇ ಇಲ್ಲದೆ ಹುಟ್ಟಿದವು. ವಿಜಾಪುರದ ಮಲಿಕ್-ಎ-ಮೈದಾನ್ ತೋಪನ್ನು ನಮ್ಮಲ್ಲಿ ಅನೇಕರು ಪ್ರವಾಸದಲ್ಲಿ ನೋಡಿರಬಹುದು. 1549ರಲ್ಲಿ ಅಹಮದ್‌ನಗರದಲ್ಲಿ ಮುಹಮ್ಮದ್ ಬಿನ್ ಹುಸೇನ್ ರೂಮಿ ಎಂಬ ಕುಶಲಿ ಎರಕ ಹೊಯ್ದ ತೋಪು ಅದು. ತೂಕ ಸುಮಾರು 55 ಟನ್. ಹಿಂಭಾಗ ಪೂರ್ತಿ ಮುಚ್ಚಿದೆ; ಬತ್ತಿ ತಾಗಿಸಲು ಒಂದು ಸಣ್ಣ ರಂಧ್ರ ಮಾತ್ರ ಇದೆ. ಮದ್ದು, ಗುಂಡು ಎರಡನ್ನೂ ಬಾಯಿಂದಲೇ ತುಂಬಬೇಕು. ಕಾಳಿ ನದಿಯ ಮುಖವನ್ನು ಕಾಯುತ್ತಿದ್ದ ನಮ್ಮ ಸದಾಶಿವಗಡದಂತಹ ಕೋಟೆಗಳ ಕಾಲದ ತೋಪುಗಳೂ ಇದೇ ಜಾತಿಯವು. ಬಾಗಿಲೇ ಇಲ್ಲದ ಮೇಲೆ ಅದು ಕಿತ್ತು ಬರುವ ಭಯವಿಲ್ಲ. ಆದರೆ ಬೇರೆ ಭಯವಿತ್ತು. ಹಿಂದಿನ ಸುತ್ತಿನ ಕೆಂಡ ಒಳಗೆ ಉಳಿದಿದ್ದರೆ ಹೊಸ ಮದ್ದು ಸುರಿಯುತ್ತಿದ್ದಂತೆ ಹೊತ್ತಿಕೊಳ್ಳುತ್ತಿತ್ತು; ಗಜ ಹಿಡಿದು ತೋಪಿನ ಬಾಯಿಯ ಮುಂದೆ ನಿಂತವನ ಎರಡು ಕೈಗಳೂ ಹೋಗುತ್ತಿದ್ದವು. ಆದ್ದರಿಂದಲೇ ಪ್ರತಿ ಸುತ್ತಿನ ನಂತರ ಒದ್ದೆ ಬಟ್ಟೆ ಕಟ್ಟಿದ ಕೋಲನ್ನು ಒಳಗೆ ಆಡಿಸುವುದು, ಆ ಹೊತ್ತಿಗೆ ಇನ್ನೊಬ್ಬ ಬತ್ತಿಯ ರಂಧ್ರವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿಯುವುದು ಕಡ್ಡಾಯವಾಗಿತ್ತು. ಗಾಳಿ ಆಡಿದರೆ ಕೆಂಡ ಉರಿಯುತ್ತದೆ, ಗಾಳಿ ನಿಂತರೆ ಆರುತ್ತದೆ ಎಂಬ ಸರಳ ತಿಳಿವಳಿಕೆ ಅದು.

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಇಂಗ್ಲೆಂಡಿನ ಆರ್ಮ್‌ಸ್ಟ್ರಾಂಗ್ ಮತ್ತೆ ಹಿಂಬಾಗಿಲಿನ ತೋಪನ್ನು ತಂದ. ಬ್ರಿಟಿಷ್ ನೌಕಾಪಡೆ ಸಂಭ್ರಮದಿಂದ ಅದನ್ನು ಹಡಗುಗಳಿಗೆ ಹಾಕಿಸಿತು. 1863ರಲ್ಲಿ ಜಪಾನಿನ ಕಾಗೋಷಿಮಾ ಬಂದರಿನ ಮೇಲೆ ದಾಳಿ ಮಾಡುವಾಗ ಆ ಬಾಗಿಲುಗಳು ಕೈಕೊಟ್ಟವು. ಬಿಗಿಯಾಗಿ ಕೂರದ ಉಕ್ಕಿನ ತುಂಡುಗಳು ಹಾರಿ ಬಂದು ತಮ್ಮ ನಾವಿಕರನ್ನೇ ಗಾಯಗೊಳಿಸಿದವು. ಹೆದರಿದ ಬ್ರಿಟಿಷರು ಮತ್ತೆ ಬಾಯಿಂದ ತುಂಬುವ ತೋಪಿಗೇ ಹಿಂತಿರುಗಿದರು. ಮುಂದೆ 1879ರ ಜನವರಿ 2ರಂದು ಥಂಡರರ್ ಎಂಬ ಯುದ್ಧನೌಕೆಯಲ್ಲಿ ಇದರ ತದ್ವಿರುದ್ಧ ಅನಾಹುತ ನಡೆಯಿತು. ಜೋಡಿ ತೋಪುಗಳಲ್ಲಿ ಒಂದು ಹಾರಲೇ ಇಲ್ಲ. ಪಕ್ಕದ್ದು ಹಾರಿದ ಸದ್ದಿನಲ್ಲಿ ಅದು ಯಾರಿಗೂ ಗೊತ್ತಾಗಲಿಲ್ಲ. ಬಾಯಿಂದ ತುಂಬುವ ತೋಪಾದ್ದರಿಂದ ಒಳಗೆ ಹಳೆಯ ಮದ್ದು ಇದೆಯೇ ಎಂದು ಇಣುಕಿ ನೋಡುವ ದಾರಿಯಿರಲಿಲ್ಲ. ಅದರ ಮೇಲೇ ಇನ್ನೊಂದು ಸುತ್ತು ತುಂಬಿ ಹಾರಿಸಿದರು. ತೋಪು ಸೀಳಿ ಹನ್ನೊಂದು ಮಂದಿ ಸತ್ತರು. ಆ ಮೇಲೆ ಅದರ ಜೊತೆಯ ತೋಪನ್ನು ಬೇಕೆಂದೇ ಎರಡು ಸುತ್ತು ತುಂಬಿ ಸಿಡಿಸಿ ಕಾರಣವನ್ನು ಖಚಿತ ಮಾಡಿಕೊಂಡರು. ಹಿಂಬಾಗಿಲು ಇದ್ದಿದ್ದರೆ ತೆರೆದ ಕೂಡಲೇ ಒಳಗಿನದು ಕಾಣುತ್ತಿತ್ತು. ಹೀಗೆ ಬಾಗಿಲಿನ ಭಯದಿಂದ ಬಾಗಿಲನ್ನೇ ಬಿಟ್ಟವರು, ಬಾಗಿಲು ಇಲ್ಲದ ಭಯದಿಂದ ಮತ್ತೆ ಬಾಗಿಲಿಗೆ ಬಂದರು. ಈ ಬಾರಿ ಗಟ್ಟಿಯಾದ ಬಾಗಿಲಿಗೆ.

ಮೊದಲನೆಯ ಮಹಾಯುದ್ಧದಲ್ಲಿ ಟ್ಯಾಂಕು ಬಂದಾಗ ಈ ಬಾಗಿಲು ಇನ್ನೂ ಸೂಕ್ಷ್ಮವಾದ ವಿಷಯವಾಯಿತು. ಬಯಲಿನಲ್ಲಿ ತೋಪು ಹಾರಿಸುವವನು ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿಯಬಹುದು. ಟ್ಯಾಂಕಿನ ಗೋಪುರದಲ್ಲಿ ಸರಿಯಲು ಜಾಗವೆಲ್ಲಿದೆ? ತೋಪಿನ ಬಾಯಿ ಹೊರಗೆ, ಹಿಂಬಾಗಿಲು ಒಳಗೆ, ಅದರ ಪಕ್ಕದಲ್ಲೇ ಸೈನಿಕನ ಮೊಣಕಾಲು. ಸುತ್ತಲೂ ಗೂಡುಗಳಲ್ಲಿ ಹತ್ತಾರು ಸುತ್ತು ಮದ್ದುಗುಂಡು.

ಈಗ ರಾಣೆಯವರ ಕಥೆಗೆ ಬರೋಣ. ಅವರು ಹುಟ್ಟಿದ್ದು 1918ರ ಜೂನ್ 26ರಂದು. ತಂದೆ ಪೊಲೀಸ್ ಇಲಾಖೆಯಲ್ಲಿದ್ದವರು. 1940ರ ಜುಲೈನಲ್ಲಿ ಬಾಂಬೆ ಇಂಜಿನಿಯರ್ಸ್ ಪಡೆಗೆ ಸಾಮಾನ್ಯ ಸಿಪಾಯಿಯಾಗಿ ಸೇರಿ ಬರ್ಮಾ ಯುದ್ಧರಂಗಕ್ಕೆ ಹೋದರು. ಅಲ್ಲಿ ಬುತಿಡಾಂಗ್ ಎಂಬಲ್ಲಿ ಸೇನೆ ಹಿಂದೆ ಸರಿಯುವಾಗ, ಬಿಟ್ಟುಹೋಗುವ ಮದ್ದುಗುಂಡು ಶತ್ರುವಿನ ಕೈಗೆ ಸಿಗದಂತೆ ನಾಶಮಾಡುವ ಕೆಲಸಕ್ಕೆ ಉಳಿದ ತುಕಡಿಯಲ್ಲಿ ಅವರಿದ್ದರು. ಕೆಲಸ ಮುಗಿಸಿದ ಮೇಲೆ ಕರೆದೊಯ್ಯಬೇಕಾಗಿದ್ದ ದೋಣಿಗಳು ಸಿಗದೆ, ಜಪಾನಿ ಪಹರೆಯ ನದಿಯನ್ನು ತಾವೇ ದಾಟಿಕೊಂಡು ಬಂದರು. 1947ರ ಡಿಸೆಂಬರಿನಲ್ಲಿ ಅವರು ಸೆಕೆಂಡ್ ಲೆಫ್ಟಿನೆಂಟ್ ಆದರು.

ಅದಾಗಿ ನಾಲ್ಕೇ ತಿಂಗಳು. 1948ರ ಏಪ್ರಿಲ್‌ನಲ್ಲಿ ಜಮ್ಮುವಿನ ನೌಶೇರಾದಿಂದ ರಾಜೌರಿಗೆ ಭಾರತೀಯ ಸೇನೆ ಮುನ್ನಡೆಯಬೇಕಾಗಿತ್ತು. ಅದೇ ವರ್ಷದ ಫೆಬ್ರವರಿಯಲ್ಲಿ ನೌಶೇರಾವನ್ನು ಉಳಿಸಿಕೊಂಡವರು ಬ್ರಿಗೇಡಿಯರ್ ಮುಹಮ್ಮದ್ ಉಸ್ಮಾನ್. ಜುಲೈ 3ರಂದು ಝಂಗಡದಲ್ಲಿ ಅವರು ಹುತಾತ್ಮರಾದರು. ಮರಣೋತ್ತರ ಮಹಾವೀರ ಚಕ್ರ ಅವರಿಗೆ ಸಂದಿತು. ರಾಜೌರಿಯ ದಾರಿ ಹೊಸದಲ್ಲ. ಮೊಘಲ್ ಬಾದಶಹರು ಕಾಶ್ಮೀರಕ್ಕೆ ಹೋಗುತ್ತಿದ್ದ ಹಳೆಯ ಮಾರ್ಗವದು. ನಡುವಿನಲ್ಲಿ ಚಿಂಗಸ್ ಎಂಬಲ್ಲಿ ಅವರ ಕಾಲದ ಸರಾಯಿ ಇದೆ. ಈ ದಾರಿಯಲ್ಲಿ ಎದುರಾಳಿಗಳು ಮೈನುಗಳನ್ನು ಹುಗಿದು, ಪೈನ್ ಮರಗಳನ್ನು ಕಡಿದು ಅಡ್ಡ ಹಾಕಿ, ಸೇತುವೆ ಒಡೆದು ಗುಡ್ಡದ ಮೇಲೆ ಮಷೀನ್‌ಗನ್ ಇಟ್ಟು ಕುಳಿತಿದ್ದರು. ಟ್ಯಾಂಕುಗಳು ಮುಂದೆ ಹೋದರೆ ಮಾತ್ರ ಕಾಲಾಳುಗಳು ಹೋಗಬಹುದು. ದಾರಿ ತೆರವಾಗದೆ ಟ್ಯಾಂಕು ಹೋಗುವಂತಿಲ್ಲ. ಆ ದಾರಿ ತೆರವು ಮಾಡುವ ಕೆಲಸ 37ನೆಯ ಅಸಾಲ್ಟ್ ಫೀಲ್ಡ್ ಕಂಪನಿಯ ರಾಣೆಯವರಿಗೆ ಬಿತ್ತು.

ಏಪ್ರಿಲ್ 8ರಂದು 4ನೆಯ ಡೋಗ್ರಾ ಪಡೆ ಬರವಾಲಿ ಗುಡ್ಡವನ್ನು ಹಿಡಿಯಿತು. ಅಂದೇ ಮೋರ್ಟಾರ್ ಗುಂಡುಗಳು ಬಿದ್ದು ರಾಣೆಯವರ ತಂಡದ ಇಬ್ಬರು ಸತ್ತು ಐವರು ಗಾಯಗೊಂಡರು. ಗಾಯಗೊಂಡವರಲ್ಲಿ ರಾಣೆಯವರೂ ಒಬ್ಬರು. ಪಟ್ಟಿ ಕಟ್ಟಿಸಿಕೊಂಡು ಅಂದು ಸಂಜೆಯೇ ಅವರು ಮತ್ತೆ ಕೆಲಸಕ್ಕೆ ಇಳಿದರು. ಮುಂದಿನ ಮೂರು ದಿನ ಬೆಳಗಿನಿಂದ ರಾತ್ರಿಯವರೆಗೆ ಮೈನು ತೆಗೆಯುವುದು, ಮರ ಸಿಡಿಸುವುದು, ತೆರವು ಮಾಡಲಾಗದ ಕಡೆ ಪಕ್ಕದಲ್ಲಿ ಬದಲಿ ದಾರಿ ಕಡಿಯುವುದು ಇದೇ ಆಯಿತು. ಮೈನುಗಳ ನಡುವೆ ಅವರು ಟ್ಯಾಂಕಿನ ಅಡಿಯಲ್ಲೇ ತೆವಳುತ್ತಾ, ಕೈಯಲ್ಲಿ ಹಗ್ಗ ಹಿಡಿದು, ಅದನ್ನು ಎಳೆದು ಚಾಲಕನಿಗೆ ನಿಲ್ಲು, ನಡೆ ಎಂಬ ಸನ್ನೆ ಕೊಡುತ್ತಿದ್ದರೆಂದು ಅವರ ಕಥೆ ಹೇಳುವವರೆಲ್ಲರೂ ಹೇಳುತ್ತಾರೆ. ಏಪ್ರಿಲ್ 10ರಂದು ಟ್ಯಾಂಕುಗಳು ಚಿಂಗಸ್ ಮುಟ್ಟಿದವು. 12ರಂದು ಸೇನೆ ರಾಜೌರಿ ಸೇರಿತು. 1950ರ ಜೂನ್ 21ರಂದು ಪರಮವೀರ ಚಕ್ರದ ಪ್ರಕಟಣೆ ಗೆಜೆಟ್ಟಿನಲ್ಲಿ ಬಂತು.

ಆ ದಾರಿಯಲ್ಲಿ ಸಾಗಿದವು ಸೆಂಟ್ರಲ್ ಇಂಡಿಯಾ ಹಾರ್ಸ್ ಪಡೆಯ ಸ್ಟುವರ್ಟ್ ಟ್ಯಾಂಕುಗಳು. ಅಮೆರಿಕದಲ್ಲಿ ತಯಾರಾದ ಹಗುರ ಟ್ಯಾಂಕು ಇದು. ನಾಲ್ವರು ಸಿಬ್ಬಂದಿ, 37 ಮಿಲಿಮೀಟರ್ ತೋಪು. ಇಂದಿನ ಟ್ಯಾಂಕುಗಳ ಪಕ್ಕದಲ್ಲಿ ನಿಲ್ಲಿಸಿದರೆ ಆಟಿಕೆಯಂತೆ ಕಂಡೀತು. ಇದೇ ಮಾದರಿಯ ಟ್ಯಾಂಕುಗಳನ್ನು, ಕೊಡಗಿನವರಾದ ಜನರಲ್ ತಿಮ್ಮಯ್ಯನವರ ನೇತೃತ್ವದಲ್ಲಿ 7ನೆಯ ಕ್ಯಾವಲ್ರಿಯವರು 1948ರ ನವೆಂಬರ್ 1ರಂದು ಸುಮಾರು 3,500 ಮೀಟರ್ ಎತ್ತರದ ಝೋಜಿಲಾ ಕಣಿವೆಗೆ ಏರಿಸಿ ಎದುರಾಳಿಗಳನ್ನು ದಂಗುಬಡಿಸಿದರು. ಅಷ್ಟು ಎತ್ತರದಲ್ಲಿ ಟ್ಯಾಂಕನ್ನು ಯಾರೂ ನಿರೀಕ್ಷಿಸಿರಲಿಲ್ಲ.

ಟ್ಯಾಂಕು ಎಂದರೆ ತೋಪನ್ನು ಹೊತ್ತ ಬಂಡಿ. ಅಡಿಯಲ್ಲಿ ಒಬ್ಬ ಪ್ರಾಣ ಒತ್ತೆಯಿಟ್ಟು ದಾರಿ ಮಾಡಿಕೊಟ್ಟ ಮೇಲೆ ಗೋಪುರದಲ್ಲಿರುವ ತೋಪು ಹಾರದಿದ್ದರೆ, ಅಥವಾ ಒಳಗೇ ಸಿಡಿದರೆ, ಆ ದಾರಿಗೆ ಅರ್ಥವಿಲ್ಲ. ಆದ್ದರಿಂದ ಗೋಪುರದೊಳಗೆ ಏನು ನಡೆಯುತ್ತಿತ್ತು ಎಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ. ನಮ್ಮ ವಿಜ್ಞಾನ ವಿದ್ಯಾರ್ಥಿಗಳಿಗೆ ಇದು ಪಠ್ಯದಲ್ಲಿಲ್ಲದ ಪಾಠ.

ಸ್ಟುವರ್ಟ್‌ನ ಗೋಪುರದಲ್ಲಿ ಇಬ್ಬರೇ ಇರುತ್ತಿದ್ದರು. ಒಬ್ಬ ಗುರಿಕಾರ, ಇನ್ನೊಬ್ಬ ಟ್ಯಾಂಕಿನ ಕಮಾಂಡರ್. ಹೊರಗೆ ನೋಡಿ ಆಜ್ಞೆ ಕೊಡಬೇಕಾದ ಕಮಾಂಡರನೇ ಬಗ್ಗಿ ಗುಂಡನ್ನೂ ತುಂಬಬೇಕು. ತೋಪಿನ ಬ್ರೀಚ್ ಬ್ಲಾಕ್ ಮೇಲೆ ಕೆಳಗೆ ಜಾರುವ ಉಕ್ಕಿನ ಹಲಗೆ. ಹಳೆಯ ಅಂಗಡಿಗಳ ಹಲಗೆ ಬಾಗಿಲು ತೋಡಿನಲ್ಲಿ ಜಾರುವುದನ್ನು ನೆನೆಸಿಕೊಳ್ಳಿ. ಮೊದಲ ಸುತ್ತಿಗೆ ಹಿಡಿಕೆ ಎಳೆದು ಹಲಗೆಯನ್ನು ಕೆಳಗಿಳಿಸುತ್ತಾರೆ. ಹಿತ್ತಾಳೆಯ ತೋಟೆಯಿರುವ ಗುಂಡನ್ನು ಒಳಗೆ ತಳ್ಳುತ್ತಾರೆ. ತೋಟೆಯ ಅಂಚು ಒಳಗಿನ ಕೊಕ್ಕೆಗಳಿಗೆ ಬಡಿದ ಕೂಡಲೇ ಹಲಗೆ ತಾನಾಗಿ ಮೇಲೇರಿ ಬಾಗಿಲು ಮುಚ್ಚುತ್ತದೆ. ಹಾರಿಸಿದಾಗ ತೋಪು ಹಿಂದಕ್ಕೆ ಜಗ್ಗಿ ಮತ್ತೆ ಮುಂದಕ್ಕೆ ಸರಿಯುವಾಗ ಹಲಗೆ ತಾನಾಗಿ ಇಳಿದು ಖಾಲಿ ತೋಟೆಯನ್ನು ಹೊರಗೆಸೆಯುತ್ತದೆ. ಬಾಗಿಲು ಮುಂದಿನ ಗುಂಡಿಗೆ ತೆರೆದೇ ಇರುತ್ತದೆ. ಚುರುಕಾದ ಕೈಗಳಿದ್ದರೆ ನಿಮಿಷಕ್ಕೆ ಇಪ್ಪತ್ತಕ್ಕೂ ಮೀರಿ ಹಾರಿಸಬಹುದಿತ್ತು.

ಅನಿಲ ಹಿಂದಕ್ಕೆ ಸೋರದಂತೆ ತಡೆಯುವುದು ಬಾಗಿಲು ಮಾತ್ರವಲ್ಲ, ಆ ಹಿತ್ತಾಳೆಯ ತೋಟೆಯೂ ಹೌದು. ಒತ್ತಡಕ್ಕೆ ಹಿತ್ತಾಳೆ ಅರಳಿ ಸುತ್ತಲಿನ ಉಕ್ಕಿಗೆ ಅಂಟಿಕೊಳ್ಳುತ್ತದೆ. ನಮ್ಮ ಮನೆಯ ಕುಕ್ಕರಿನ ಗ್ಯಾಸ್ಕೆಟ್ ಮಾಡುವುದೂ ಇದೇ ಕೆಲಸ. ಗ್ಯಾಸ್ಕೆಟ್ ಸವೆದ ಕುಕ್ಕರಿನಿಂದ ಹಬೆ ಹೇಗೆ ಸಿಳ್ಳೆ ಹಾಕುತ್ತದೆ ಎಂಬುದು ಅಡುಗೆಮನೆಯಲ್ಲಿ ಎಲ್ಲರಿಗೂ ಗೊತ್ತು. ಕುಕ್ಕರಿನ ಒತ್ತಡ ಎಲ್ಲಿ, ತೋಪಿನ ಒತ್ತಡ ಎಲ್ಲಿ! ಹಾಗಾಗಿ ತೋಟೆ ಎಲ್ಲಾದರೂ ನಗ್ಗಿದೆಯೇ, ಬಿರುಕಿದೆಯೇ, ಮಣ್ಣು ಅಂಟಿದೆಯೇ ಎಂದು ತುಂಬುವ ಮೊದಲೇ ನೋಡಬೇಕು. ನೌಶೇರಾದ ದಾರಿಯ ದೂಳಿನಲ್ಲಿ ಇದು ಸಣ್ಣ ಕೆಲಸವಾಗಿರಲಾರದು.

ಗುಂಡು ತಳ್ಳುವ ಕೈಗೆ ಒಂದು ನಿಯಮವಿದೆ. ಬೆರಳು ಚಾಚಿ ತಳ್ಳಬಾರದು, ಮುಷ್ಟಿ ಕಟ್ಟಿ ತಳ್ಳಬೇಕು. ಮೇಲೇರಿ ಬರುವ ಹಲಗೆ ಮುಷ್ಟಿಯನ್ನು ಪಕ್ಕಕ್ಕೆ ನೂಕುತ್ತದೆ. ಚಾಚಿದ ಬೆರಳನ್ನಾದರೆ ಕತ್ತರಿಸುತ್ತದೆ. ಜಾರು ಬಾಗಿಲಿನ ತೋಪುಗಳಲ್ಲಿ ಕೆಲಸ ಮಾಡುವವರಿಗೆ ಮೊದಲ ದಿನವೇ ಕಲಿಸುವ ಪಾಠ ಇದು. ಎರಡನೆಯ ನಿಯಮ, ತೋಪು ಹಿಂದಕ್ಕೆ ಜಗ್ಗುವ ದಾರಿಯಲ್ಲಿ ಯಾರೂ ಇರಬಾರದು. ಕೈ, ಭುಜ, ನೀರಿನ ಬಾಟಲಿ ಏನೂ. ತುಂಬುವವನು ತಾನು ಸರಿದು ನಿಂತ ಮೇಲೆಯೇ ಕೂಗಿ ಹೇಳುತ್ತಾನೆ. ಆ ಕೂಗು ಕೇಳದೆ ಗುರಿಕಾರ ಹಾರಿಸುವಂತಿಲ್ಲ. ಮೂರನೆಯದು, ತೋಪಿನ ಕೊಳವೆಯೊಳಗೆ ಏನೂ ಉಳಿದಿರಬಾರದು. ಒರೆಸುವ ಬಟ್ಟೆಯ ತುಂಡೊಂದನ್ನು ಮರೆತರೂ ಉಕ್ಕಿನ ಕೊಳವೆ ಸೀಳಬಹುದು.

ಎಲ್ಲಕ್ಕಿಂತ ಕಷ್ಟದ್ದು ಕುದುರೆ ಒತ್ತಿದರೂ ಗುಂಡು ಹಾರದಿದ್ದಾಗಿನ ಸಂದರ್ಭ. ಆಗ ಮನುಷ್ಯನ ಸಹಜ ಬುದ್ಧಿ ಬಾಗಿಲು ತೆರೆದು ನೋಡು ಎನ್ನುತ್ತದೆ. ಅದೇ ತಪ್ಪು. ಮದ್ದು ಒಳಗೆ ನಿಧಾನವಾಗಿ ಹೊಗೆಯಾಡುತ್ತಿರಬಹುದು. ಬಾಗಿಲು ತೆರೆದ ಕ್ಷಣಕ್ಕೇ ಹೊತ್ತಿಕೊಂಡರೆ ಬೆಂಕಿ ಗೋಪುರದೊಳಕ್ಕೆ ಬರುತ್ತದೆ. ತೋಪಿನ ಬಾಯಿ ಗುರಿಯ ಕಡೆಗೇ ಇರಬೇಕು, ಬಾಗಿಲು ಮುಚ್ಚಿಯೇ ಇರಬೇಕು, ಕೈಪಿಡಿಯಲ್ಲಿ ಬರೆದಷ್ಟು ಸಮಯ ಕಾಯಬೇಕು. ಎದುರಿನಿಂದ ಮಷೀನ್‌ಗನ್ ಗುಂಡುಗಳು ಉಕ್ಕಿನ ಗೋಡೆಗೆ ಬಡಿಯುತ್ತಿರುವಾಗ ಹೀಗೆ ಸುಮ್ಮನೆ ಕುಳಿತು ಕಾಯುವುದಕ್ಕೆ ಎಂತಹ ಧೈರ್ಯ ಬೇಕು, ಊಹಿಸಿ. ಥಂಡರರ್ ನೌಕೆಯ ಹನ್ನೊಂದು ಜನ ಸತ್ತದ್ದೂ ಹಾರದ ಗುಂಡನ್ನು ಗಮನಿಸದೆ ಇದ್ದದ್ದರಿಂದಲೇ.

ಯುದ್ಧ ನಿಂತ ಸಂಜೆ ಮತ್ತೊಂದು ಕೆಲಸ ಶುರುವಾಗುತ್ತದೆ. ಬ್ರೀಚ್ ಬ್ಲಾಕನ್ನು ಬಿಚ್ಚಿ ತೆಗೆದು ಮಸಿ ಒರೆಸಬೇಕು. ತೋಪು ಖಾಲಿ ಇದೆಯೇ ಎಂದು ಕಣ್ಣಾರೆ ನೋಡಿಕೊಳ್ಳದೆ ಬಿಚ್ಚಲು ಕೈ ಹಾಕುವಂತಿಲ್ಲ. ಅದನ್ನು ಎತ್ತಿ ಹಿಡಿದಿರುವ ಸ್ಪ್ರಿಂಗು ಬಿಗಿಯಾಗಿರುತ್ತದೆ. ಸಡಿಲಿಸುವ ಕ್ರಮ ತಪ್ಪಿದರೆ ಬೆರಳು ಹೋಗುತ್ತದೆ. ತೋಟೆಯ ಬೆನ್ನಿಗೆ ಬಡಿಯುವ ಮೊಳೆಯ ತುದಿ ಮೊಂಡಾಗಿದೆಯೇ, ಮುರಿದಿದೆಯೇ ನೋಡಬೇಕು. ತೆಳ್ಳಗೆ ಎಣ್ಣೆ ಸವರಬೇಕು. ಹೆಚ್ಚಾದರೆ ದೂಳು ಅಂಟಿ ಅರೆಯುವ ಕಲ್ಲಿನಂತಾಗುತ್ತದೆ. ಝೋಜಿಲಾದಂತಹ ಚಳಿಯಲ್ಲಿ ದಪ್ಪ ಎಣ್ಣೆ ತುಪ್ಪದಂತೆ ಹೆಪ್ಪುಗಟ್ಟಿ ಬಾಗಿಲೇ ಮೇಲೇರುವುದಿಲ್ಲ. ಕೊನೆಗೆ ಬಿಚ್ಚಿದ ಪ್ರತಿಯೊಂದು ತುಣುಕನ್ನೂ ಬಟ್ಟೆಯ ಮೇಲಿಟ್ಟು ಎಣಿಸಿ, ಮತ್ತೆ ಜೋಡಿಸಿ, ಗುಂಡಿಲ್ಲದೆ ತೆರೆದು ಮುಚ್ಚಿ ನೋಡಬೇಕು. ಬೈತಖೋಲದ ದೋಣಿ ಇಂಜಿನ್ ಮೆಕ್ಯಾನಿಕರು ಬಿಚ್ಚಿದ ನಟ್ಟು ಬೋಲ್ಟುಗಳನ್ನು ಸಾಲಾಗಿ ಇಡುವುದನ್ನು ನೀವು ನೋಡಿರುತ್ತೀರಿ. ಅದೇ ಶಿಸ್ತು.

ಈ ಎಣಿಕೆ ಎಷ್ಟು ಮುಖ್ಯ ಎಂಬುದಕ್ಕೆ ಹಳೆಯ ಉದಾಹರಣೆ ಬೇಕಿಲ್ಲ. 2017ರ ಜೂನ್ 14ರಂದು ಬ್ರಿಟನ್ನಿನ ಕಾಸಲ್‌ಮಾರ್ಟಿನ್ ತಾಲೀಮು ಮೈದಾನದಲ್ಲಿ ಚಾಲೆಂಜರ್-2 ಟ್ಯಾಂಕಿನ ಬ್ರೀಚ್‌ನಲ್ಲಿ ಅನಿಲ ತಡೆಯುವ ಒಂದು ಬಿಡಿಭಾಗವನ್ನು ಮತ್ತೆ ಜೋಡಿಸಿರಲಿಲ್ಲ. ಅದಿಲ್ಲದೆಯೂ ತೋಪು ಹಾರುತ್ತಿತ್ತು ಎಂಬುದೇ ದುರಂತ. ಹಾರಿಸಿದಾಗ ಬೆಂಕಿ ಗೋಪುರದೊಳಗೆ ನುಗ್ಗಿತು. ಇಬ್ಬರು ಸೈನಿಕರು ಸತ್ತರು. ಜಗತ್ತಿನ ಅತ್ಯಾಧುನಿಕ ಟ್ಯಾಂಕುಗಳಲ್ಲಿ ಒಂದು ಅದು. ನಮ್ಮಲ್ಲಿಯೂ 2022ರ ಅಕ್ಟೋಬರ್ 6ರಂದು ಝಾನ್ಸಿ ಬಳಿಯ ಬಬಿನಾದಲ್ಲಿ ಅಭ್ಯಾಸದ ವೇಳೆ ಟಿ-90 ಟ್ಯಾಂಕಿನ ಕೊಳವೆ ಸಿಡಿದು ಇಬ್ಬರು ಪ್ರಾಣ ಕಳೆದುಕೊಂಡರು. ಹಳೆಯ ಟ್ಯಾಂಕುಗಳನ್ನು ಹವ್ಯಾಸಕ್ಕಾಗಿ ಇಟ್ಟುಕೊಳ್ಳುವ ರೂಢಿ ಅಮೆರಿಕದಲ್ಲಿದೆ. ಅಲ್ಲಿನ ಒರೆಗಾನ್ ರಾಜ್ಯದಲ್ಲಿ 2021ರ ಏಪ್ರಿಲ್‌ನಲ್ಲಿ ಎರಡನೆಯ ಮಹಾಯುದ್ಧದ ಕಾಲದ ಎಂ-18 ವಾಹನದೊಳಗೆ ಸ್ಫೋಟವಾಗಿ ಇಬ್ಬರು ಸತ್ತರು. ಎಪ್ಪತ್ತು ಎಂಬತ್ತು ವರ್ಷ ಹಳೆಯ ಉಕ್ಕಿನೊಳಗೆ ಕಣ್ಣಿಗೆ ಕಾಣದ ಬಿರುಕುಗಳು ಎಷ್ಟಿರುತ್ತವೋ!

ಹಿಂಬಾಗಿಲನ್ನು ಬೇಕೆಂದೇ ತೂತು ಮಾಡಿದ ತೋಪೂ ಒಂದಿದೆ ಎಂದರೆ ಆಶ್ಚರ್ಯವಾಗಬಹುದು. 1965ರ ಸೆಪ್ಟೆಂಬರ್ 10ರಂದು ಪಂಜಾಬಿನ ಅಸಲ್ ಉತ್ತರ್ ಕದನದಲ್ಲಿ ಪ್ಯಾಟನ್ ಟ್ಯಾಂಕುಗಳನ್ನು ಹೊಡೆದು ಹುತಾತ್ಮರಾದ 4ನೆಯ ಗ್ರೆನೇಡಿಯರ್ಸ್ ಪಡೆಯ ಹವಾಲ್ದಾರ್ ಅಬ್ದುಲ್ ಹಮೀದರ ಹೆಸರನ್ನು ನಮ್ಮ ಮಕ್ಕಳು ಪಾಠದಲ್ಲಿ ಓದಿರುತ್ತಾರೆ. ಮರಣೋತ್ತರ ಪರಮವೀರ ಚಕ್ರ ಪಡೆದವರು. ಅವರು ಬಳಸಿದ್ದು ಜೀಪಿನ ಮೇಲೆ ಕೂರಿಸಿದ 106 ಮಿಲಿಮೀಟರ್ ರಿಕಾಯ್ಲ್‌ಲೆಸ್ ತೋಪು. ಅದರ ಬ್ರೀಚ್‌ನಲ್ಲಿ ರಂಧ್ರಗಳಿರುತ್ತವೆ. ಅನಿಲದ ಬಹುಭಾಗ ಹಿಂದಕ್ಕೇ ಹೊರಟುಹೋಗುವುದರಿಂದ ತೋಪು ಹಿಂದಕ್ಕೆ ಜಗ್ಗುವುದಿಲ್ಲ; ಹಗುರವಾದ ಜೀಪು ಕೂಡ ಅದನ್ನು ತಾಳಿಕೊಳ್ಳುತ್ತದೆ. ಆದರೆ ಹಿಂದೆ ಹತ್ತಾರು ಮೀಟರ್ ದೂರದವರೆಗೆ ಯಾರೂ ನಿಲ್ಲುವಂತಿಲ್ಲ. ಹಾರಿಸಿದ ಕೂಡಲೇ ಹಿಂದೆ ಬೆಂಕಿಯೂ ದೂಳೂ ಎದ್ದು ತೋಪು ಎಲ್ಲಿದೆ ಎಂದು ಶತ್ರುವಿಗೆ ಗೊತ್ತಾಗಿಬಿಡುತ್ತದೆ. ಆದ್ದರಿಂದ ಒಂದು ಹೊಡೆತ ಹೊಡೆದು ತಕ್ಷಣ ಜಾಗ ಬದಲಿಸಬೇಕು. ಕಬ್ಬಿನ ಗದ್ದೆಗಳ ಮರೆಯಲ್ಲಿ ಹಮೀದರ ಜೀಪು ಹಾಗೆಯೇ ಓಡಾಡಿತು. ವಿದ್ಯಾರ್ಥಿಯ "ಹಿಂದಕ್ಕೇ ಸಿಡಿಯೋದಿಲ್ವಾ?" ಎಂಬ ಪ್ರಶ್ನೆಗೆ "ಸಿಡಿಯುತ್ತದೆ, ಅದಕ್ಕಾಗಿಯೇ ಮಾಡಿದ್ದು" ಎಂಬ ಉತ್ತರವೂ ಇದೆ ಎಂದಾಯಿತು.

ಕಾರವಾರದ ಚಪಲ ನೌಕೆಯ ತೋಪಿನದು ಇನ್ನೂ ಬೇರೆ ಬಗೆ. ಅದರ 30 ಮಿಲಿಮೀಟರ್ ಜೋಡಿ ತೋಪುಗಳ ಹಿಂಭಾಗದಲ್ಲಿ ಪಿಸ್ತೂಲಿನಂತೆ ತಿರುಗುವ ಚಕ್ರವಿದೆ. ಒಂದು ಕೋಣೆ ಹಾರುವಾಗ ಇನ್ನೊಂದು ತುಂಬಿಕೊಳ್ಳುತ್ತದೆ. ಮನುಷ್ಯನ ಕೈ ಅಲ್ಲಿಗೆ ಹೋಗುವುದೇ ಇಲ್ಲ, ದೂರದಿಂದಲೇ ನಡೆಸುತ್ತಾರೆ. ಈ ನೌಕೆ 1971ರ ಕರಾಚಿ ದಾಳಿಯಲ್ಲಿ ಇತ್ತೆಂದು ಕೆಲವರು ಮಕ್ಕಳಿಗೆ ಹೇಳುವುದನ್ನು ಕೇಳಿದ್ದೇನೆ. ಅದು ಸರಿಯಲ್ಲ. ಚಪಲ ನೌಕಾಪಡೆಗೆ ಸೇರಿದ್ದೇ 1976ರ ನವೆಂಬರಿನಲ್ಲಿ. ನಿವೃತ್ತಿಯಾದದ್ದು 2005ರ ಮೇ ತಿಂಗಳಲ್ಲಿ. ಕರಾಚಿಗೆ ಹೋದವು ಅದಕ್ಕಿಂತ ಮೊದಲ ತಂಡದ ಕ್ಷಿಪಣಿ ದೋಣಿಗಳು.

ನಿವೃತ್ತ ಆಯುಧಗಳನ್ನು ಸಾರ್ವಜನಿಕರ ಮುಂದೆ ಇಡುವಾಗ ಅವುಗಳನ್ನು ಕೆಲಸಕ್ಕೆ ಬಾರದಂತೆ ಮಾಡುತ್ತಾರೆ. ಕೊಳವೆಗೆ ಅಡ್ಡ ತುಂಡು ಬೆಸೆಯುವುದು, ಬ್ರೀಚನ್ನು ವೆಲ್ಡಿಂಗ್ ಮಾಡುವುದು, ಬಡಿಯುವ ಮೊಳೆಯನ್ನು ತೆಗೆದುಹಾಕುವುದು ಇದರ ಸಾಮಾನ್ಯ ಕ್ರಮಗಳು. ಆದರೂ ವೆಲ್ಡಿಂಗ್ ಮಾಡದ ಭಾರವಾದ ಭಾಗಗಳು ಇದ್ದರೆ ಬೆರಳು ಸಿಕ್ಕಿಕೊಳ್ಳುವ ಅಪಾಯ ಇದ್ದೇ ಇರುತ್ತದೆ. ನಮ್ಮ ಕಡಲಿನ ಉಪ್ಪುಗಾಳಿ ಉಕ್ಕನ್ನು ತಿನ್ನುವ ವೇಗ ಕಾರವಾರದವರಿಗೆ ಹೇಳಿಕೊಡಬೇಕಾಗಿಲ್ಲ. ಇಂದು ಗಟ್ಟಿಯಾಗಿ ಕಂಡ ಏಣಿ, ಮುಚ್ಚಳ, ಕಟಕಟೆ ಎರಡು ಮಳೆಗಾಲ ಕಳೆದರೆ ಹುಡಿಯಾಗಿರುತ್ತದೆ. ಬಣ್ಣ ಬಳಿಯುವುದಷ್ಟೇ ಸಾಲದು. ಒಳಗಿನಿಂದ ಬಡಿದು ನೋಡುವವರು ಬೇಕು. ಮಕ್ಕಳನ್ನು ಕರೆದೊಯ್ಯುವ ಶಿಕ್ಷಕರು ತೋಪಿನ ಮೇಲೆ ಹತ್ತಿಸಿ ಫೋಟೋ ತೆಗೆಯುವ ಆಸೆಯನ್ನು ಬಿಡಬೇಕು. ದಡದಲ್ಲೋ ಗುಜರಿಯಲ್ಲೋ ತೋಟೆಯಂತಹ ವಸ್ತು ಕಂಡರೆ ಮುಟ್ಟದೆ ಪೊಲೀಸರಿಗೆ ತಿಳಿಸಬೇಕು. ತುಕ್ಕು ಹಿಡಿದಷ್ಟಕ್ಕೆ ಮದ್ದು ಸತ್ತಿರುವುದಿಲ್ಲ.

ರಾಣೆಯವರು 1968ರಲ್ಲಿ ಮೇಜರ್ ಆಗಿ ನಿವೃತ್ತರಾಗಿ, 1994ರಲ್ಲಿ ಪುಣೆಯಲ್ಲಿ ತೀರಿಕೊಂಡರು. ಮದ್ದುಗುಂಡಿನ ನಡುವೆಯೇ ಇಪ್ಪತ್ತೆಂಟು ವರ್ಷ ಕೆಲಸ ಮಾಡಿ 76 ವರ್ಷ ಬದುಕಿದ ಮನುಷ್ಯ. ಮರುವರ್ಷ ಅದೇ ಹುಡುಗ, ಆಗ ಹತ್ತನೆಯ ತರಗತಿಯಲ್ಲಿದ್ದ, ಮತ್ತೆ ನಮ್ಮ ಜೊತೆ ಕಾರವಾರಕ್ಕೆ ಬಂದಿದ್ದ. ರಾಣೆಯವರ ಪುತ್ಥಳಿಯ ಮುಂದೆ ನಿಂತು ನಾನು ಇಷ್ಟನ್ನೆಲ್ಲ ಹೇಳಿದೆ. ಅವನು ಕೇಳಿದ್ದು ಒಂದೇ: "ಸರ್, ಟ್ಯಾಂಕಿನ ಅಡಿಯಲ್ಲಿ ಹಗ್ಗ ಎಳೆದದ್ದು ಡ್ರೈವರಿಗೆ ಗೊತ್ತಾಗದೆ ಹೋಗಿದ್ದರೆ?"